ಪ್ರಕ್ಷಿಪ್ತವೆಂದು ತೆಗೆದ ಸೀಟು

ನಮ್ಮ ಮನೆಯ ತಾರಸಿಯಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ಬಸಳೆಯ ಒಂದು ಕುಂಡವಿದೆ. ಬಳ್ಳಿಗೆ ಆಸರೆಯಾಗಿ ಬೇರೆಯವರು ಕೋಲು ನೆಡುತ್ತಾರೆ, ದಾರ ಕಟ್ಟುತ್ತಾರೆ. ನಮ್ಮ ಬಸಳೆ ಹಬ್ಬಿರುವುದು ಕಬ್ಬಿಣದ ಒಂದು ಜಾಲರಿಯ ಮೇಲೆ. ಹಳೆಯ ಕಿಟಕಿಯ ತುಂಡಿರಬೇಕೆಂದು ನೋಡಿದವರು ಭಾವಿಸುತ್ತಾರೆ. ಕಿಟಕಿಯದಲ್ಲ. ಮೋಟಾರ್ ಸೈಕಲ್ಲಿನ ಹಿಂದೆ ಕುಳಿತ ಹೆಂಗಸಿನ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಎಡಮಗ್ಗುಲಿಗೆ ಹಾಕುತ್ತಾರಲ್ಲ, ಎಲ್ಲರೂ ಸಾರಿ ಗಾರ್ಡ್ ಎಂದು ಕರೆಯುವ ಆ ವಸ್ತು ಅದು. ಈಗ ಅದರ ತುಂಬ ದಪ್ಪ ಎಲೆಗಳು. ವಾರಕ್ಕೊಮ್ಮೆ ಅವು ಬೇಳೆಯೊಡನೆ ಬೆಂದು ನನ್ನ ತಟ್ಟೆಗೆ ಬರುತ್ತವೆ. ಬೆಳಗಿನ ನನ್ನ ನಡಿಗೆಯನ್ನು ತಾರಸಿಯಿಂದ ರಸ್ತೆಗೆ ಇಳಿಸಿದ್ದಕ್ಕೆ ವೈದ್ಯರ ಸಲಹೆಯೇ ಕಾರಣವೆಂದು ನೆರೆಹೊರೆಯವರಿಗೆ ಹೇಳಿದ್ದೇನೆ. ವೈದ್ಯರು ಅಂಥದ್ದೇನೂ ಹೇಳಲಿಲ್ಲ. ಆ ಬಸಳೆಯನ್ನು ಎದುರಿಸಲು ನನಗೆ ಮುಖವಿಲ್ಲ, ಅಷ್ಟೆ.

ನನ್ನ ವೃತ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದುದರಲ್ಲಿ ಅದರ ಪಾಲು ದೊಡ್ಡದು. ನಿವೃತ್ತನಾಗುವವರೆಗೂ ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದೆ. ಕಲ್ಲಿನ ಮೇಲೆ ಬರೆದಿರುವ ಸಂವತ್ಸರ, ಮಾಸ, ತಿಥಿ, ವಾರ ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಗಣಿತ ಹಾಕಿ ನೋಡುವುದು, ಹೊಂದದಿದ್ದರೆ ಬರೆಸಿದವನು ಅರಸನಾದರೂ ಅವನನ್ನು ನಂಬದಿರುವುದು, ಇದೇ ನನ್ನ ಜೀವಮಾನದ ಕೆಲಸ. ಇಂಥವನು ಮದುವೆಮನೆಯ ಹರಟೆಯಲ್ಲಿ ಕುಳಿತರೆ ಏನಾಗಬಹುದೆಂದು ನೀವೇ ಊಹಿಸಿ. ಯಾರೋ ಹಿರಿಯರು, ‘ನಾನು ಮೆಟ್ರಿಕ್ ಪಾಸಾದ ವರ್ಷ ಊರಿಗೆ ಕರೆಂಟು ಬಂತು’ ಎಂದು ಸಂತೋಷದಿಂದ ಹೇಳುತ್ತಿರುತ್ತಾರೆ. ನಾನು ಮಧ್ಯೆ ಬಾಯಿ ಹಾಕಿ ಅವೆರಡೂ ಒಂದೇ ವರ್ಷ ಆಗಿರಲಾರದೆಂದು ಸಾಧಿಸುತ್ತೇನೆ. ಅವರ ಮುಖ ಸಣ್ಣದಾಗುವುದು ನನಗೆ ತಡವಾಗಿ ಕಾಣಿಸುತ್ತದೆ. ನನ್ನ ಹೆಂಡತಿ ಅನ್ನಪೂರ್ಣ ಅಂಥ ಹೊತ್ತಿನಲ್ಲಿ ಸಭೆಯನ್ನು ಸಮಾಧಾನಪಡಿಸುವ ಒಂದು ಮಾತನ್ನು ಸಿದ್ಧವಾಗಿಟ್ಟುಕೊಂಡಿದ್ದಾಳೆ.

“ನೀವೇನ್ ಬ್ಯಾಸರ ಮಾಡ್ಕೋಬ್ಯಾಡ್ರಿ. ಇವರು ನಮ್ಮ ಲಗ್ನದ ತಿಥಿ, ವಾರಾನೂ ತಾಳೆ ಹಾಕಿ ನೋಡ್ಯಾರ. ಪುಣ್ಯಾಕ್ಕ ಕೂಡಿ ಬಂತು. ಇಲ್ಲಂದ್ರ ನನ್ನ ಹುಬ್ಬಳ್ಳಿಗೆ ವಾಪಸ್ ಕಳಿಸ್ತಿದ್ರು.”

ಎಲ್ಲರೂ ನಗುತ್ತಾರೆ. ಅವಳು ಹೇಳುವುದು ಸುಳ್ಳೇನಲ್ಲ, ತಾಳೆ ಹಾಕಿದ್ದೆ. ಮದುವೆಯಾಗಿ ಬೆಂಗಳೂರಿಗೆ ಬಂದು ದಶಕಗಳು ಕಳೆದರೂ ಅವಳ ಮಾತು ಇನ್ನೂ ಹುಬ್ಬಳ್ಳಿಯನ್ನು ಬಿಟ್ಟು ಹೊರಟಿಲ್ಲ.

ಮೋಟಾರ್ ಸೈಕಲ್ಲಿನ ಮೋಹ ಮಾತ್ರ ನನಗೆ ವೃತ್ತಿಗಿಂತಲೂ ಹಳೆಯದು. ದಾವಣಗೆರೆಯಲ್ಲಿ ನಾವಿದ್ದ ಓಣಿಗೆ ಹತ್ತಿಗಿರಣಿಯ ಕೂಗೇ ಗಡಿಯಾರ. ಆ ಓಣಿಯ ಕೊನೆಯ ಮನೆಗೆ ದನದ ಡಾಕ್ಟರೊಬ್ಬರು ಬಾಡಿಗೆಗೆ ಬಂದರು. ಅವರ ಗಾಡಿ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಡಾಕ್ಟರು ಒಳಗೆ ಹೋದೊಡನೆ ನಾವು ಹುಡುಗರು ಸುತ್ತುವರಿಯುತ್ತಿದ್ದೆವು. ಬಿಸಿಯಾದ ಎಂಜಿನ್ನು ಆರುವಾಗ ಅದರೊಳಗಿಂದ ಟಿಣ್, ಟಿಣ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅದು ನಮ್ಮೊಡನೆ ಮಾತಾಡುತ್ತಿದೆಯೆಂದೇ ನಮ್ಮ ನಂಬಿಕೆ. ಪೆಟ್ರೋಲಿನ ವಾಸನೆಯ ಜೊತೆಗೆ ಡಾಕ್ಟರು ತರುತ್ತಿದ್ದ ದನದ ಮೈಯ ವಾಸನೆ, ಯಾವುದೋ ಔಷಧಿಯ ಘಾಟು ಸೇರಿರುತ್ತಿದ್ದವು. ಇಂದಿಗೂ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ನನ್ನ ಮೂಗು ಉಳಿದೆರಡು ವಾಸನೆಗಳನ್ನು ಹುಡುಕುತ್ತದೆ.

ನನ್ನ ಬಲಗಾಲಿನ ಮೀನಖಂಡದ ಮೇಲೆ ಒಂದು ಸುಟ್ಟ ಕಲೆಯಿದೆ. ಡಾಕ್ಟರ ಗಾಡಿಯ ಸೈಲೆನ್ಸರ್ ತಗುಲಿ ಆದದ್ದೆಂದು ಕಾಲೇಜಿನಲ್ಲಿ ಅದನ್ನು ಅಭಿಮಾನದಿಂದ ತೋರಿಸುತ್ತಿದ್ದೆ. ಒಮ್ಮೆ ಅವ್ವನಿಗೂ ತೋರಿಸಿ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಲೇ, “ಅದು ಇಸ್ತ್ರಿಪೆಟ್ಟಿಗಿ ಕೆಂಡ ಕಣೋ. ತೊಟ್ಟಿಲಾಗಿಂದ ಇಳಿದು ನೀನಾ ಹೋಗಿ ಅದರ ಮ್ಯಾಲೆ ಬಿದ್ದಿದ್ದಿ” ಎಂದಳು. ನಾನು ಆಮೇಲೆ ಎಲ್ಲವನ್ನೂ ಜೋಡಿಸಿ ನೋಡಿದೆ. ಡಾಕ್ಟರು ನಮ್ಮ ಓಣಿಗೆ ಬಂದದ್ದು ನನ್ನ ತಂಗಿ ಹುಟ್ಟಿದ ನಂತರ. ಕಲೆ ಅದಕ್ಕಿಂತ ಹಿಂದಿನದು. ಪ್ರಮಾಣಗಳೆಲ್ಲ ಅವ್ವನ ಪರವಾಗಿದ್ದವು. ಆದರೂ ಈ ಒಂದು ವಿಷಯದಲ್ಲಿ ಪ್ರಮಾಣಗಳನ್ನು ಬದಿಗೆ ಸರಿಸಿ, ಕಲೆ ಮೋಟಾರ್ ಸೈಕಲ್ಲಿನದೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನನಗೆ ಪ್ರಿಯವಾದದ್ದಕ್ಕೆ ರಿಯಾಯಿತಿ ಕೊಡುವುದು ನನಗೆ ಬರುವುದಿಲ್ಲವೆಂದಲ್ಲ, ಬರುತ್ತದೆ. ಈ ಮಾತನ್ನು ನೀವು ನೆನಪಿಟ್ಟುಕೊಂಡರೆ ನನಗೆ ಇನ್ನಷ್ಟು ನಾಚಿಕೆಯಾಗುತ್ತದೆ, ಇಟ್ಟುಕೊಳ್ಳಿ.

ಸಂಸ್ಥೆಗೆ ಸೇರಿದ ಹೊಸದರಲ್ಲಿ, ಆಗಲೇ ಎರಡು ಕೈ ದಾಟಿ ಬಂದಿದ್ದ ಒಂದು ಮೋಟಾರ್ ಸೈಕಲ್ ಕೊಂಡೆ. ಅದರ ಹೆಸರನ್ನಾಗಲಿ ಇಸವಿಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಗಾಡಿಯ ಅಭಿಮಾನಿಗಳು ಪ್ರಬಂಧವನ್ನು ಬಿಟ್ಟು, ನಾನು ಹೇಳುವ ದೀಪ ಆ ವರ್ಷದ್ದೇ ಹೌದೋ ಅಲ್ಲವೋ ಎಂದು ತನಿಖೆಗೆ ಕೂರುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ನಾನೂ ಆ ಜಾತಿಯವನೇ. ಮದುವೆಯಾದ ಮೇಲೆ ಭಾನುವಾರಗಳಂದು ಹೆಸರಘಟ್ಟದ ಕೆರೆಯ ಕಡೆಗೆ ಹೋಗುತ್ತಿದ್ದೆವು. ಆಗ ಆ ರಸ್ತೆಯ ಇಕ್ಕೆಲಗಳಲ್ಲೂ ರಾಗಿಹೊಲ. ಅನ್ನಪೂರ್ಣ ಎರಡೂ ಕಾಲುಗಳನ್ನು ಎಡಕ್ಕೆ ಇಳಿಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟು ಕೂರುತ್ತಿದ್ದಳು. ರಸ್ತೆಯಲ್ಲಿ ಗುಂಡಿ ಬಂದರೆ ಆ ಕೈ ಬಿಗಿಯಾಗುತ್ತಿತ್ತು. ಏನಾದರೂ ಹೇಳುವುದಿದ್ದರೆ ಹೆಗಲನ್ನು ತಟ್ಟಿ ಹೇಳುತ್ತಿದ್ದಳು. ಗಾಳಿಯಲ್ಲಿ ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ, ‘ಹೂಂ’ ಎನ್ನುತ್ತಿದ್ದೆ. ಹಾಗೆ ನಾನು ಒಪ್ಪಿಗೆ ಕೊಟ್ಟ ಮಾತುಗಳು ಯಾವುವು ಎಂಬುದು ನನಗೆ ಈಗಲೂ ಗೊತ್ತಿಲ್ಲ.

ಆಮೇಲೆ ಸ್ಕೂಟರ್ ಬಂತು, ಬಸ್ ಪಾಸ್ ಬಂತು, ಬೆನ್ನುನೋವೂ ಬಂತು. ದಾಸರಹಳ್ಳಿಯಲ್ಲಿ ಮನೆ ಕಟ್ಟಿಸುವಾಗ ಕಾರಿಗೆಂದು ಒಂದು ಶೆಡ್ಡು ಮಾಡಿಸಿದೆವು. ಕಾರು ಎಂದೂ ಬರಲಿಲ್ಲ. ಆ ಶೆಡ್ಡಿನ ಮೂಲೆಯಲ್ಲಿ ಹಳೆಯ ಗಾಡಿ ಟಾರ್ಪಾಲು ಹೊದ್ದು ಮಲಗಿತು. ನಿವೃತ್ತನಾದ ಮೇಲೆ ಎಷ್ಟೋ ಜನ ತೀರ್ಥಯಾತ್ರೆಗೆ ಹೋಗುತ್ತಾರೆ. ನಾನು ಒಂದು ದಿನ ಆ ಟಾರ್ಪಾಲನ್ನು ತೆಗೆದೆ.

ಈಗಿನ ಹುಡುಗರು ಹಳೆಯ ಗಾಡಿಗಳನ್ನು ತಮ್ಮ ಮನಸ್ಸಿಗೆ ಬಂದಂತೆ ಕತ್ತರಿಸಿ, ಬಗ್ಗಿಸಿ, ಬಣ್ಣ ಹೊಡೆದು ಹೊಸದೊಂದನ್ನೇ ಮಾಡುತ್ತಾರಲ್ಲ, ನನ್ನದೂ ಅದೇ ಕೆಲಸ. ವ್ಯತ್ಯಾಸವಿಷ್ಟೆ: ಅವರು ಮನಸ್ಸಿಗೆ ಬಂದಂತೆ ಮಾಡುತ್ತಾರೆ, ನಾನು ಆಧಾರ ಸಿಕ್ಕಂತೆ ಮಾಡಿದೆ. ನನ್ನ ಗಾಡಿಯ ಮೇಲೆ ಹಿಂದಿನ ಮಾಲೀಕರೂ ಮೆಕ್ಯಾನಿಕ್ಕುಗಳೂ ತಮ್ಮ ತಮ್ಮ ಕಾಲದ ಪದರಗಳನ್ನು ಹೇರಿದ್ದರು. ಹ್ಯಾಂಡಲ್ ಒಂದು ಕಾಲದ್ದು, ಟ್ಯಾಂಕು ಇನ್ನೊಂದು ಕಾಲದ್ದು, ದೀಪ ಯಾವ ಕಾಲದ್ದೂ ಅಲ್ಲ. ಇವನ್ನೆಲ್ಲ ಸುಲಿದು, ಮೊಟ್ಟಮೊದಲ ಮಾದರಿಯ ರೂಪದಲ್ಲಿ ಅದನ್ನು ಮತ್ತೆ ಕಟ್ಟುವುದು ನನ್ನ ಸಂಕಲ್ಪ. ಹಳೆಯ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಗುಜರಿ ಅಂಗಡಿಗಳಲ್ಲಿ ಅಲೆದೆ. ಸಿಕ್ಕದ ಭಾಗಗಳನ್ನು ಪೀಣ್ಯದಲ್ಲಿ ಮಾಡಿಸಿದೆ.

ಪೀಣ್ಯದಲ್ಲಿ ನನಗೆ ಒದಗಿದವನು ಮುನಿರಾಜು. ಒಂದು ಕಾಲದಲ್ಲಿ ಅವನ ತಾತ ಅವರೆ ಬಿತ್ತುತ್ತಿದ್ದ ನೆಲದಲ್ಲೇ ಅವನ ವೆಲ್ಡಿಂಗ್ ಶೆಡ್ಡು ನಿಂತಿದೆಯಂತೆ. ಕಬ್ಬಿಣದ ಗೇಟಿನಿಂದ ಗಣಪತಿಯ ಮಂಟಪದವರೆಗೆ ಏನನ್ನು ಬೇಕಾದರೂ ಮಾಡಿಕೊಡುತ್ತೇನೆಂದು ಹೇಳುತ್ತಾನೆ. ಹೇಳಿದ ಅಳತೆಗೂ ಮಾಡಿದ ಅಳತೆಗೂ ಬೆರಳಗಲ ವ್ಯತ್ಯಾಸ ಬಂದರೆ, “ಬಣ್ಣ ಹೊಡದ್ರೆ ಕೂತ್ಕೊಳತ್ತೆ ಸಾರ್” ಎನ್ನುತ್ತಾನೆ. ನನ್ನ ಚಿತ್ರಗಳ ಕಟ್ಟನ್ನು ಅವನು ಒಮ್ಮೆಯೂ ಪೂರ್ತಿ ತಿರುವಿ ನೋಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಮೊದಲ ದಿನವೇ ಒಮ್ಮತಕ್ಕೆ ಬಂದೆವು. ಮೊದಲ ಮಾದರಿಯ ಚಿತ್ರಗಳಲ್ಲಿ ಸವಾರನಿಗೆ ಮಾತ್ರ, ಸ್ಪ್ರಿಂಗುಗಳ ಮೇಲೆ ಕೂತ, ಚರ್ಮದ ಒಂದು ಪುಟ್ಟ ಸೀಟಿತ್ತು. ಹಿಂದೆ ಬೋಳು ಮಡ್‌ಗಾರ್ಡು, ಅದರ ಬಾಗು ಬಹಳ ಅಂದ. ಇಬ್ಬರು ಕೂರುವ ಉದ್ದ ಸೀಟು ನಂತರದ ಕಾಲದ್ದು.

“ಸಿಂಗಲ್ ಸೀಟಾ ಸಾರ್? ಸಕ್ಕತ್!” ಎಂದು ಮುನಿರಾಜು ಕಣ್ಣರಳಿಸಿದ. “ಈಗ ಹುಡುಗ್ರೆಲ್ಲ ಅದನ್ನೇ ಕೇಳ್ತಾರೆ. ಹಿಂದ್ಗಡೆ ಖಾಲಿ ಇದ್ರೇನೇ ಸಾರ್ ಗಾಡಿಗೆ ಗತ್ತು. ಕೊಡಿ, ಆ ಕಂಬಿ ಕಟ್ ಮಾಡ್ಬಿಡ್ತೀನಿ.”

ಅವನು ಗತ್ತಿಗಾಗಿ, ನಾನು ಇತಿಹಾಸಕ್ಕಾಗಿ, ಇಬ್ಬರೂ ಸೇರಿ ಹಿಂದಿನ ಸೀಟನ್ನು ಹೊತ್ತಿದ್ದ ಕಂಬಿಯನ್ನು ಕತ್ತರಿಸಿದೆವು. ಸೀಟು ಹೋದ ಮೇಲೆ ಹಿಂದೆ ಕುಳಿತವರು ಕಾಲಿಡುವ ಹಲಗೆ ಏಕೆ, ಸಾರಿ ಗಾರ್ಡ್ ಏಕೆ? ಅವೂ ಹೋದವು.

ಅಂದು ಮನೆಗೆ ಬಂದು ಜಾಲರಿಯನ್ನು ಶೆಡ್ಡಿನ ಗೋಡೆಗೆ ಒರಗಿಸಿದಾಗ ಅನ್ನಪೂರ್ಣ ಕೇಳಿದಳು: “ಹಿಂದ್ಲ ಸೀಟು ಎಲ್ಲೈತ್ರೀ?”

“ಅದು ಪ್ರಕ್ಷಿಪ್ತ” ಎಂದೆ. ಈ ಮಾತನ್ನು ಆಡಿದ ನನ್ನ ಧ್ವನಿಯಲ್ಲಿದ್ದ ಸಂತೃಪ್ತಿ ನನಗೆ ಚೆನ್ನಾಗಿ ನೆನಪಿದೆ. ಮರೆಯಲು ಪ್ರಯತ್ನಿಸಿದ್ದೇನೆ, ಆಗಿಲ್ಲ.

“ಹಾಂಗಂದ್ರ?”

“ಮೂಲದಲ್ಲಿ ಇರಲಿಲ್ಲ. ಆಮೇಲೆ ಯಾರೋ ಸೇರಿಸಿದ್ದು.”

“ಓಹೋ” ಎಂದು ಅವಳು ಒಳಗೆ ಹೋದಳು. ವಿಷಯ ತಿಳಿಯಿತೆಂಬ ಅರ್ಥದ ಓಹೋ ಅದು ಎಂದು ನಾನು ನಿರ್ಣಯಿಸಿದೆ. ಕೆಲವು ದಿನಗಳಲ್ಲಿ ಜಾಲರಿ ಗೋಡೆಯ ಬಳಿಯಿಂದ ಮಾಯವಾಗಿ ತಾರಸಿಯ ಕುಂಡದಲ್ಲಿ ಕಾಣಿಸಿಕೊಂಡಿತು. ಕಬ್ಬಿಣ ವ್ಯರ್ಥವಾಗಲಿಲ್ಲವಲ್ಲ ಎಂದು ಮೆಚ್ಚಿಕೊಂಡೆ.

ಅಲ್ಲಿಂದ ಮುಂದಿನ ಕೆಲಸವನ್ನು ನಾನೊಬ್ಬನೇ ಮಾಡಿದೆನೆಂದು ಸ್ನೇಹಿತರ ಬಳಿ ಹೇಳಿಕೊಂಡಿದ್ದೇನೆ. ಆ ಮಾತನ್ನೂ ಇಲ್ಲಿ ಪರಿಶೀಲಿಸಿಬಿಡುವೆ. ಗ್ರೀಸು ಒರೆಸಲು ನನಗೆ ಸಿಕ್ಕ ಬಟ್ಟೆಗಳೆಲ್ಲ ಅನ್ನಪೂರ್ಣಳ ಹಳೆಯ ನೂಲಿನ ಸೀರೆಗಳು. ನನಗೆ ಮೆತ್ತಗಿರಲೆಂದು ಅವಳು ಅಂಚನ್ನು ಬೇರೆ ಮಾಡಿ, ಅಂಗೈಯಗಲ ಹರಿದು, ಬುಟ್ಟಿಯಲ್ಲಿ ಇಡುತ್ತಿದ್ದಳು. ಎಂಜಿನ್ನಿನ ಕವಚದಲ್ಲಿ ಬೇರಿಂಗನ್ನು ಕೂರಿಸಬೇಕಾದರೆ ಕವಚ ಬಿಸಿಯಾಗಿ ಹಿಗ್ಗಬೇಕು, ಬೇರಿಂಗು ತಣ್ಣಗಾಗಿ ಕುಗ್ಗಬೇಕು. ಬೇರಿಂಗು ಅವಳ ಫ್ರಿಜ್ಜಿನಲ್ಲಿ, ಮಂಜುಗಡ್ಡೆಯ ಖಾನೆಯಲ್ಲಿ, ಹಸಿಬಟಾಣಿಯ ಪೊಟ್ಟಣದ ಮೇಲೆ ರಾತ್ರಿ ಕಳೆಯಿತು. ಕವಚ ಅವಳ ಇಡ್ಲಿಪಾತ್ರೆಯಲ್ಲಿ ಹಬೆಯುಂಡಿತು. ಆ ಪಾತ್ರೆ ಮತ್ತೆ ಇಡ್ಲಿಗೆ ಬರಲಿಲ್ಲ. ವಾಸನೆ ಹೋಗಲಿಲ್ಲವೆಂದು ಅವಳು ಸುಮ್ಮನೆ ಇನ್ನೊಂದನ್ನು ತಂದಳು.

ಯಾವ ಬೋಲ್ಟಿಗೂ ಎರಡು ಕೊನೆಗಳಿರುತ್ತವೆ. ಒಂದು ಕಡೆ ನಾನು ತಿರುಗಿಸುವಾಗ ಇನ್ನೊಂದು ಕಡೆ ನಟ್ಟು ತಿರುಗದಂತೆ ಸ್ಪ್ಯಾನರ್ ಹಿಡಿಯುವವರು ಬೇಕು. ಹಿಡಿದವಳು ಅವಳು. ಶೆಡ್ಡಿನ ನೆಲದ ಮೇಲೆ ಮಣೆ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಕುಕ್ಕರಿನ ಸೀಟಿಯ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು.

“ಬಿಗೀತೇನ್ರಿ?”

“ಇನ್ನೊಂದು ಸುತ್ತು. ಬಿಡಬೇಡ.”

“ಮೂರು ಸೀಟಿ ಆತು, ನಾ ಏಳ್ತೀನಿ. ನಿಮ್ಮ ನಟ್ಟಿಗಿಂತ ನನ್ನ ಬ್ಯಾಳಿ ಮೊದ್ಲ ಬೆಂದ್ವು.”

ಹೀಗೆ ಆ ಗಾಡಿಯ ಒಂದೊಂದು ಬೋಲ್ಟಿನ ಇನ್ನೊಂದು ಕೊನೆಯಲ್ಲಿ ಅವಳ ಕೈ ಇತ್ತು. ನಡುವೆ ಒಂದೆರಡು ಸಲ, “ಇದು ಮುಗದ ಮ್ಯಾಲೆ ಹೆಸರಘಟ್ಟಕ್ಕ ಹೋಗೂಣು. ಕೆರಿ ಹೆಂಗಾಗೇತೋ ಏನೋ” ಎಂದಳು. ನಾನು ಕಾರ್ಬುರೇಟರಿನ ಕಿರುರಂಧ್ರಕ್ಕೆ ತಂತಿ ತೂರಿಸುತ್ತಾ ‘ಹೂಂ’ ಎಂದೆ. ಗಾಳಿಯ ನೆವ ಹೇಳುವಂತಿಲ್ಲ. ಶೆಡ್ಡಿನಲ್ಲಿ ಗಾಳಿಯೇ ಇರಲಿಲ್ಲ.

ಗಾಡಿ ಸಿದ್ಧವಾದ ದಿನ ಭಾನುವಾರ. ಪಂಚಾಂಗ ನೋಡಿ ಆರಿಸಿದ್ದರಿಂದ ವಾರದ ಬಗ್ಗೆ ಅನುಮಾನವಿಲ್ಲ. ಬೆಳಗ್ಗೆಯೇ ಗಾಡಿಯನ್ನು ಶೆಡ್ಡಿನಿಂದ ಗೇಟಿನ ಹೊರಗೆ ತಂದು ನಿಲ್ಲಿಸಿದೆ. ಕಪ್ಪು ಬಣ್ಣ, ಟ್ಯಾಂಕಿನ ಮೇಲೆ ಕೂದಲೆಳೆಯಂಥ ಬಂಗಾರದ ಗೆರೆ, ಕಂದು ಚರ್ಮದ ಒಂಟಿ ಸೀಟು, ಅದರ ಹಿಂದೆ ಬೋಳು ಮಡ್‌ಗಾರ್ಡಿನ ಬಾಗು. ಎದುರುಮನೆಯ ಜಯಮ್ಮ ತಮ್ಮ ಬಾಗಿಲಿಗೆ ಬಂದು ನಿಂತರು. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ ಅವರದು. ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಕಾರ್ಖಾನೆಯ ಕೆಲಸಗಾರರು ಬಾಡಿಗೆಗಿದ್ದಾರೆ. ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವರ ಬಾಡಿಗೆದಾರರೂ ಇಣುಕಿದರು. ನಾನು ಪ್ರೇಕ್ಷಕರಿಗೆ ಬೆನ್ನು ಹಾಕಿ, ಆದರೆ ಅವರಿಗೆ ಕಾಣುವಂತೆ, ಟ್ಯಾಂಕನ್ನು ಇನ್ನೊಮ್ಮೆ ಒರೆಸಿದೆ.

ಆಗ ಅನ್ನಪೂರ್ಣ ಹೊರಗೆ ಬಂದಳು. ಇಸ್ತ್ರಿ ಮಾಡಿದ ನೀಲಿ ನೂಲಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಭುಜದ ಬಳಿ ಪಿನ್ನು. ಕೈಯಲ್ಲಿ ಒಂದು ಹೊಸ ಹೆಲ್ಮೆಟ್ಟು. ಹಿಂದೆ ಕೂರುವವರಿಗೂ ಅದು ಕಡ್ಡಾಯವೆಂದು ತಿಳಿದು, ಅವಳೇ ಅಂಗಡಿಗೆ ಹೋಗಿ, ತುರುಬಿನ ಮೇಲೆ ಸರಿಯಾಗಿ ಕೂರುವಂಥದ್ದನ್ನು ಒಂದೊಂದಾಗಿ ಹಾಕಿ ನೋಡಿ ತಂದಿದ್ದಳಂತೆ. ನನಗೆ ಹೇಳಿರಲಿಲ್ಲ.

“ಎಲ್ಲಿಗೋ ಒಂಟಂಗೈತೆ ಅಕ್ಕಾವ್ರು?” ಎಂದು ಜಯಮ್ಮ ಕೂಗಿದರು.

“ಹೆಸರಘಟ್ಟಕ್ಕ ಜಯಮ್ಮ. ಒಂದು ರೌಂಡು.”

ಹಾಗೆಂದವಳು ಗಾಡಿಯ ಎಡಮಗ್ಗುಲಿಗೆ ಬಂದಳು. ಅಭ್ಯಾಸದಂತೆ ಬಲಗೈಯನ್ನು ಎತ್ತಿ, ಸೀಟು ಇರಬೇಕಾದ ಜಾಗವನ್ನು ನೋಡಿದಳು. ಅಲ್ಲಿ ಮಡ್‌ಗಾರ್ಡು ಮಾತ್ರ ಹೊಳೆಯುತ್ತಿತ್ತು.

ಜಯಮ್ಮನಿಗೆ ಕಣ್ಣು ಚುರುಕು. “ಅಯ್ಯೋ, ಅಕ್ಕ ಎಲ್ ಕೂತ್ಕಳದು? ಇಂದೆ ಸೀಟೇ ಇಲ್ವಲ್ಲ! ಸ್ವಾಮೇರು ಎಂಡ್ತೀನೇ ಮರ್ತು ಗಾಡಿ ಕಟ್ಟವ್ರೆ ನೋಡ್ರಪ್ಪಾ!”

ಮಹಡಿಯ ಮೇಲಿಂದ ನಗು ಬಂತು. ಅನ್ನಪೂರ್ಣ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಎತ್ತಿದ ಕೈಯಿಂದ ಹಣೆಯ ಮೇಲಿನ ಕೂದಲನ್ನು ಸರಿಮಾಡಿಕೊಂಡಳು.

“ಸೀಟು ಕಡೀಕ ಹಾಕ್ತಾರೇನೋ ಅಂದ್ಕೊಂಡಿದ್ದೆ” ಎಂದಳು, ನನಗೆ ಮಾತ್ರ ಕೇಳಿಸುವಂತೆ. ಮತ್ತೆ ಸ್ವಲ್ಪ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವಂತೆ, “ನೀವು ಒಂದು ಸುತ್ತು ಹೋಗಿ ಬರ್ರಿ. ನಾ ಚಹಾ ಇಡ್ತೀನಿ” ಎಂದಳು.

ಆಗ ನಾನು ಗಾಡಿಯನ್ನು ತಿರುಗಿಸಿ ಶೆಡ್ಡಿಗೆ ಸೇರಿಸಬೇಕಿತ್ತು. ಹಾಗೆ ಮಾಡಲಿಲ್ಲ, ಹೋದೆ. ಜಯಮ್ಮನ ಬಾಯಿಂದ ತಪ್ಪಿಸಿಕೊಳ್ಳಲು ಹೋದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಎಂಟನೇ ಮೈಲಿಯ ಸಿಗ್ನಲ್ ದಾಟಿ ರಸ್ತೆ ಸ್ವಲ್ಪ ಬಿಡುವಾದಾಗ, ಎಂಜಿನ್ನು ಹದಕ್ಕೆ ಬಂದು ಗುಡುಗುಡು ಎನ್ನತೊಡಗಿದಾಗ, ನನಗೆ ಸುಖವಾಯಿತು. ಮನೆಯ ಮುಂದೆ ಆದದ್ದು ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಹೆಗಲು ಹಗುರವಾಗಿತ್ತು. ಎಷ್ಟು ಹಗುರವಾಗಿತ್ತೆಂದು ಒಂದು ಗುಂಡಿ ಬಂದಾಗ ತಿಳಿಯಿತು. ಯಾವ ಕೈಯೂ ಬಿಗಿಯಾಗಲಿಲ್ಲ. ಅಲ್ಲಿಯೇ ಗಾಡಿ ತಿರುಗಿಸಿದೆ.

ಮನೆಗೆ ಬಂದಾಗ ಅವಳು ಸೀರೆ ಬದಲಾಯಿಸಿ ಸೊಪ್ಪು ಸೋಸುತ್ತಿದ್ದಳು. ಚಹಾ ಮುಚ್ಚಿಟ್ಟಿತ್ತು. ನಾನು ಕುಡಿದು ಮುಗಿಸಿದೆ. ಶಾಸನದ ಒಂದು ಸಾಲು ಲೆಕ್ಕಕ್ಕೆ ಹೊಂದದಿದ್ದಾಗ ತಪ್ಪನ್ನು ಮೊದಲು ಕಲ್ಲುಕುಟಿಗನ ಮೇಲೆ ಹೊರಿಸುವುದು ನಮ್ಮಲ್ಲಿ ರೂಢಿ. ನಾನೂ ಹಾಗೆಯೇ ಮಾಡಿದೆ.

“ಮೊದಲೇ ಹೇಳಬಹುದಾಗಿತ್ತಲ್ಲ?”

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ಏನಂತ ಹೇಳಬೇಕಿತ್ರಿ? ನಾನೂ ಅದೀನಿ ಅಂತನಾ?”

ಉತ್ತರಕ್ಕೆ ಕಾಯದೆ ಸೊಪ್ಪನ್ನು ತೊಳೆಯಲು ಎದ್ದಳು.

ನಾನು ಮರುದಿನವೇ ಪೀಣ್ಯಕ್ಕೆ ಹೋಗಿ ಸೀಟು ಹಾಕಿಸಿದೆನೆಂದು ನೀವು ಭಾವಿಸಿದರೆ ನನ್ನ ಯೋಗ್ಯತೆಯನ್ನು ಹೆಚ್ಚಾಗಿ ಅಂದಾಜು ಮಾಡಿದಂತಾಗುತ್ತದೆ. ಮೊದಲು ಕೆಲವು ದಿನ ನನ್ನ ಪರವಾದ ವಾದಗಳನ್ನು ಸಂಗ್ರಹಿಸಿದೆ. ಅವಳಿಗೆ ಮಂಡಿನೋವು. ಒಂದು ಕಡೆಗೆ ಕಾಲು ಹಾಕಿ ಕೂರುವುದು ಈ ವಯಸ್ಸಿಗೆ ಅಪಾಯ. ಮೂಲಸ್ವರೂಪ ಕೆಡುತ್ತ ಹೋದರೆ ಇಷ್ಟು ಶ್ರಮಪಟ್ಟದ್ದಕ್ಕೆ ಅರ್ಥವೇನು? ಒಂದೊಂದು ವಾದವೂ ತನ್ನಷ್ಟಕ್ಕೆ ತಾನು ಸರಿಯಾಗಿತ್ತು. ಎಲ್ಲವನ್ನೂ ಸೇರಿಸಿ ಅವಳ ಮುಂದೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಆ ದಿನಗಳಲ್ಲಿ ಅವಳು ಎಂದಿನಂತೆ ಮಾತಾಡಿದಳು, ಎಂದಿನಂತೆ ಬಡಿಸಿದಳು. ಶೆಡ್ಡಿಗೆ ಮಾತ್ರ ಬರಲಿಲ್ಲ. ಒಂದು ಸಂಜೆ ಚೈನಿನ ಬಿಗಿ ನೋಡಬೇಕಾಗಿ, “ಒಂದು ನಿಮಿಷ ಸ್ಪ್ಯಾನರ್ ಹಿಡಿ, ಬಾ” ಎಂದು ಕರೆದೆ.

“ಒಬ್ಬರಿಗಂತ ಮಾಡಿದ ಗಾಡಿ, ಒಬ್ಬರಾ ಬಿಗ್ಯಾಕ ಬರಬೇಕಲ್ರೀ?” ಎಂದು ಒಳಗಿನಿಂದಲೇ ಉತ್ತರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಾಳೆ ಎನ್ನುವ ಹಾಗಿತ್ತು. ನಾನು ಒಬ್ಬನೇ ಪ್ರಯತ್ನಿಸಿದೆ. ಎರಡು ಕೈಗಳಿಂದ ಅದು ಆಗುವ ಕೆಲಸವಲ್ಲ.

ಮರುದಿನ ಮುನಿರಾಜುವಿನ ಶೆಡ್ಡಿಗೆ ಹೋದೆ. ಹಿಂದೆ ಒಂದು ಸೀಟು ಬೇಕು, ಕಾಲಿಡುವ ಹಲಗೆ ಬೇಕು, ಸಾರಿ ಗಾರ್ಡ್ ಬೇಕು ಎಂದೆ. ಅವನು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದ.

“ಯಾರಿಗ್ ಸಾರ್?”

“ನಮ್ಮ ಮನೆಯವರಿಗೆ.”

“ಅಮ್ಮಾವ್ರು ಇದಾರಾ?” ಎಂದುಬಿಟ್ಟ. ಆಮೇಲೆ ತಾನು ಆಡಿದ ಮಾತಿಗೆ ತಾನೇ ಬೆಚ್ಚಿ, ನಾಲಿಗೆ ಕಚ್ಚಿಕೊಂಡು, “ತಪ್ಪ್ ತಿಳ್ಕೋಬೇಡಿ ಸಾರ್. ಇಷ್ಟು ದಿನ ಬಂದ್ರಿ, ಒಂದ್ಸಲಾನೂ ಮನೆ ಕಡೆ ಮಾತು ಆಡ್ಲಿಲ್ಲ. ಅದಕ್ಕೆ ನೀವು ಒಬ್ರೇ ಏನೋ ಅಂದ್ಕೊಂಡ್‌ಬಿಟ್ಟಿದ್ದೆ. ಪಾಪ, ಟೈಮ್ ಪಾಸ್‌ಗೆ ಗಾಡಿ ಮಾಡ್ತಾವ್ರೆ ಅಂತ” ಎಂದ. ವಾತಾವರಣವನ್ನು ತಿಳಿಗೊಳಿಸಲೆಂದು ಸೇರಿಸಿದ: “ಏನ್ ಸಾರ್, ಮನೇಲಿ ಮಂಗಳಾರತಿ ಆಯ್ತಾ?”

ನಾನೂ ನಕ್ಕೆ. ಬಾಯಿಂದ ಬಂದದ್ದು ನಗೆಯೇ ಆಗಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ತಿಂಗಳುಗಟ್ಟಲೆ ಅವನ ಶೆಡ್ಡಿನಲ್ಲಿ ಕುಳಿತು ಯಾವ ದೀಪ ಯಾವ ವರ್ಷದ್ದೆಂದು ವಿವರಿಸಿದ್ದೆ. ಅವನು ಆ ವಿವರಗಳಲ್ಲಿ ಒಂದನ್ನೂ ನೆನಪಿಟ್ಟುಕೊಂಡಿರಲಿಲ್ಲ. ನಾನು ಹೇಳದೆ ಬಿಟ್ಟದ್ದನ್ನು ಮಾತ್ರ ಪೂರ್ತಿಯಾಗಿ ಗ್ರಹಿಸಿದ್ದ. ಬದುಕಿರುವ ಹೆಂಡತಿಯನ್ನು ನಾನು ನನ್ನ ಮಾತಿನಲ್ಲಿ ಎಷ್ಟು ಸಂಪೂರ್ಣವಾಗಿ ಇಲ್ಲವಾಗಿಸಿದ್ದೆನೆಂದರೆ, ಆ ಮನುಷ್ಯ ನನ್ನ ಮೇಲೆ ಕನಿಕರಪಟ್ಟಿದ್ದ.

ಸೀಟು ಕೂರಿಸಲು ಮಡ್‌ಗಾರ್ಡಿಗೆ ರಂಧ್ರ ಕೊರೆಯಬೇಕಾಯಿತು. ಕತ್ತರಿಸಿದ ಕಂಬಿಯ ಜಾಗಕ್ಕೆ ಹೊಸ ಕಂಬಿಯನ್ನು ಬೆಸೆಯಬೇಕಾಯಿತು. ನನ್ನ ಪ್ರೀತಿಯ ಬಾಗು ಅದರ ಕೆಳಗೆ ಮುಚ್ಚಿಹೋಯಿತು. ಹಳೆಯ ಜಾಲರಿಯನ್ನೇ ಹಾಕಿಸೋಣವೆಂದು ತಾರಸಿಗೆ ಹೋಗಿ ಕೈ ಹಾಕಿದ್ದೆ. ಬಟ್ಟೆ ಒಣಗಿಸುತ್ತಿದ್ದ ಅನ್ನಪೂರ್ಣ, “ಬಳ್ಳಿ ಹಬ್ಬೇತಿ, ಕೀಳಬ್ಯಾಡ್ರಿ” ಎಂದಳು. ಕೈ ಹಿಂತೆಗೆದೆ. ಹೊಸ ಜಾಲರಿಯನ್ನು ಮುನಿರಾಜು ಗೇಟಿಗೆ ಹಾಕುವ ಸರಳಿನಿಂದಲೇ ಮಾಡಿಕೊಟ್ಟ. ಬಣ್ಣ ಹೊಡೆದರೆ ಕೂತುಕೊಳ್ಳುತ್ತದೆಂದ. ಕೂತಿಲ್ಲ. ಕಾಲದೋಷಗಳ ಒಂದು ಮೆರವಣಿಗೆಯಂತೆ ಕಾಣುವ ಆ ಗಾಡಿಯನ್ನು ನೋಡಿ ಈಗ ಯಾವ ಅಭಿಮಾನಿಯೂ ಮೆಚ್ಚಲಾರ.

ಮನೆಗೆ ತಂದು ನಿಲ್ಲಿಸಿ ಅವಳನ್ನು ಕರೆದೆ. ಕೈಯೊರೆಸಿಕೊಂಡು ಬಂದಳು. ಸೀಟಿನ ಮೇಲೆ ಅಂಗೈಯಿಟ್ಟು, ಹಿಟ್ಟಿನ ಹದ ನೋಡುವಂತೆ, ಒಮ್ಮೆ ಒತ್ತಿದಳು.

“ಮೆತ್ತಗೈತಿ” ಎಂದು ಒಳಗೆ ಹೋದಳು.

ಅಷ್ಟೆ. ಕೂರಲಿಲ್ಲ. ನಾನೂ ಕೂರು ಎನ್ನಲಿಲ್ಲ. ಹೇಗೆ ಅನ್ನುವುದು? ಕರೆಯದೆ ಬಿಟ್ಟವನು ಕರೆಯಲು ಮೊದಲು ಮಾತು ಕಲಿಯಬೇಕು. ವಾರಗಳು ಕಳೆದವು. ಕೊನೆಗೊಂದು ಶನಿವಾರ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, “ನಾಳೆ ಹೆಸರಘಟ್ಟಕ್ಕೆ ಹೋಗೋಣವೇ?” ಎಂದೆ.

“ನಾಳೆ ನಾನೂ ಜಯಮ್ಮನೂ ಹೊಂಟೀವಿ. ಅಲ್ಲಿ ನರ್ಸರ್‍ಯಾಗ ಸಸಿ ತರಾಕ.”

“ಹೇಗೆ ಹೋಗ್ತೀರಿ?”

“ಬಸ್ಸಿಗೆ. ನಮಗ ಫ್ರೀ ಐತಿ.”

ಭಾನುವಾರ ಅವರಿಬ್ಬರೂ ಚೀಲ ಹಿಡಿದು ಹೊರಟರು. ಅದೇ ನೀಲಿ ಸೀರೆ. ಬಾಗಿಲು ಹಾಕಿಕೊಂಡು ಓದಲು ಕುಳಿತೆ. ಒಂದು ಪುಟವೂ ಮುಂದೆ ಸರಿಯಲಿಲ್ಲ. ಎದ್ದು ಗಾಡಿ ತೆಗೆದೆ. ಏಕೆ ಎಂದು ಕೇಳಬೇಡಿ. ನನ್ನ ಜೀವನದಲ್ಲಿ ಪೂರ್ವಾಪರ ನೋಡದೆ ಮಾಡಿದ ಕೆಲಸಗಳು ಬಹಳ ಕಡಿಮೆ, ಅದು ಅವುಗಳಲ್ಲೊಂದು. ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಹೆಸರಘಟ್ಟದ ಬಸ್ಸು ನಿಂತಿತ್ತು. ವಾಹನಗಳ ನಡುವೆ ನುಸುಳಿ ಅದರ ಮಗ್ಗುಲಿಗೆ ಬಂದೆ. ಮೇಲೆ ಕಿಟಕಿಯ ಬದಿಯಲ್ಲಿ ಅನ್ನಪೂರ್ಣ, ಅವಳಾಚೆ ಜಯಮ್ಮ, ಮುಂದಿನ ಸೀಟಿನಲ್ಲಿ ಕಾರ್ಖಾನೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದ ಒಬ್ಬ ಹುಡುಗಿ. ಕಿಟಕಿ ತೆರೆದಿತ್ತು. ಎಂಜಿನ್ನಿನ ಸದ್ದನ್ನು ಆದಷ್ಟು ತಗ್ಗಿಸಿದೆ.

ಜಯಮ್ಮನ ಕಣ್ಣಿಗೆ ಮೊದಲು ಬಿದ್ದೆ. “ಅಕ್ಕಾ, ಸ್ವಾಮೇರು ಇಂದಿಂದೇ ಬಂದವ್ರೆ!” ಎಂದು ಅವರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಅನ್ನಪೂರ್ಣ ಕೆಳಗೆ ನೋಡಿದಳು. ನಾನು ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿದೆ. ಬೆನ್ನು ತುಸು ಮುಂದಕ್ಕೆ ಸರಿಸಿ, ಹಿಂದಿನ ಸೀಟು ಅವಳಿಗೆ ಪೂರ್ತಿ ಕಾಣುವಂತೆ ಕುಳಿತೆ. ಸುತ್ತ ನಿಂತಿದ್ದ ಗಾಡಿಗಳವರೆಲ್ಲ ನನ್ನನ್ನು ನೋಡುತ್ತಿದ್ದಾರೆ ಎನಿಸಿ ಕಿವಿ ಬಿಸಿಯಾಯಿತು.

ಮುಂದಿನ ಸೀಟಿನ ಹುಡುಗಿ ಹಿಂದಕ್ಕೆ ತಿರುಗಿ ಕೇಳಿದಳು: “ಯಾರ್ ಆಂಟಿ ಅವ್ರು? ಅಷ್ಟ್ ಚೆನ್ನಾಗಿರೋ ಗಾಡೀಲಿ ಹಿಂದೆ ಸೀಟ್ ಖಾಲಿ ಇಟ್ಕೊಂಡು ಬಸ್ ಪಕ್ಕಾನೇ ನಿಂತವ್ರೆ?”

“ನಮ್ಮನಿಯವರು, ಯವ್ವಾ” ಎಂದಳು ಅನ್ನಪೂರ್ಣ. ಅವಳ ಕಣ್ಣು ನನ್ನ ಮೇಲೆಯೇ ಇತ್ತು. “ಸೀಟು ಖಾಲಿ ಏನಿಲ್ಲ. ಅದು ನಂದು. ಇವತ್ತು ಕುಂದ್ರಂಗಿಲ್ಲ, ಅಷ್ಟ.”

ಹಸಿರು ದೀಪ ಬಂತು. ಬಸ್ಸು ಬಲಕ್ಕೆ ತಿರುಗಿತು. ಸ್ವಲ್ಪ ದೂರ ಬಿಟ್ಟುಕೊಂಡು, ಅದರ ವೇಗಕ್ಕೆ ನನ್ನ ವೇಗವನ್ನು ಹೊಂದಿಸಿಕೊಂಡು, ಕೆರೆಯವರೆಗೂ ಅದರ ಹಿಂದೆ ಹೋದೆ.